ಹೊರಗಿನಿಂದ ಹಾಕಿದ ಬೀಗ

ಸೋಮವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ ಆರೋಗ್ಯಾಧಿಕಾರಿ ಬೆವರು ಒರೆಸಿಕೊಳ್ಳುತ್ತ ಠಾಣೆಗೆ ಬಂದು ದೂರು ಕೊಟ್ಟರು. ಅವರು ಒಳಗಿದ್ದಾಗಲೇ ಯಾರೋ ಅವರ ಕಚೇರಿಯ ಕೋಣೆಗೆ ಹೊರಗಿನಿಂದ ಬೀಗ ಜಡಿದಿದ್ದರು. ಜವಾನ ಬಂದು ಅದನ್ನು ಒಡೆಯುವವರೆಗೂ ಅವರು ಬಾಗಿಲು ಬಡಿದು ಕೂಗುತ್ತಲೇ ಇದ್ದರು. ಅಕ್ರಮ ಬಂಧನವೆಂದು ಎಫ್‌ಐಆರ್ ದಾಖಲಾಯಿತು.

ಇನ್‌ಸ್ಪೆಕ್ಟರ್ ಸ್ಥಳ ಪಂಚನಾಮೆ ಮಾಡಿಸಿದರು. ಬೀಗ ಹೊಸದು. ಕಿಟಕಿಯಾಚೆ, ಗೇಟಿನ ಬಳಿ ಜನ ಕೂತಿದ್ದರು. ಹಿಂದಿನ ತಿಂಗಳು ಸರ್ಕಾರಿ ಹೆರಿಗೆ ಆಸ್ಪತ್ರೆಗೆ ಬೆಂಕಿ ಬಿದ್ದಾಗ ಹಿಂಬಾಗಿಲಿಗೆ ಬೀಗ ಹಾಕಿತ್ತು. ಒಂಬತ್ತು ಬಾಣಂತಿಯರು ಹೊರಬರಲಾಗದೆ ಸತ್ತರು. ಅಂದಿನಿಂದ ಅವರ ಮನೆಯವರು ದಿನಾ ಇಲ್ಲಿ ಬಂದು ಕೂರುತ್ತಿದ್ದರು. ಈಗೀಗ ಸಂಬಂಧವಿಲ್ಲದವರೂ ಬಂದು ಕೂರತೊಡಗಿದ್ದರು.

"ಇವರಲ್ಲೇ ಒಬ್ರು ಸಾರ್," ಎಂದ ಕಾನ್‌ಸ್ಟೇಬಲ್.

"ಅದು ನಂಗೂ ಗೊತ್ತು. ಯಾರು ಅಂತ ಬೀಗ ಮಾರಿದವನನ್ನ ಕೇಳು."

ಕಾನ್‌ಸ್ಟೇಬಲ್ ಪೇಟೆಯಲ್ಲಿ ಅಂಗಡಿ ಅಂಗಡಿ ಸುತ್ತಿದ ಮೇಲೆ ಒಬ್ಬ ಅಂಗಡಿಯವ ಬೀಗ ಗುರುತಿಸಿದ.

"ಯಾರು ತಗೊಂಡಿದ್ದು?"

"ಟೈಲರ್ ಅಮ್ಮ. ಕಂಕುಳಲ್ಲಿ ಹಸುಗೂಸು. ಗಟ್ಟಿ ಬೀಗ ಕೊಡಪ್ಪ ಅಂದ್ರು. ಮನೆಗಾ ಅಂದೆ. ಅಲ್ಲ, ಸರ್ಕಾರಕ್ಕೆ ಅಂದ್ರು. ನಾನು ನಕ್ಕುಬಿಟ್ಟೆ."

"ಅವರು ನಕ್ಕರಾ?"

"ಇಲ್ಲ ಸಾರ್."

ಮಹಿಳಾ ಪೇದೆಯೊಂದಿಗೆ ಇನ್‌ಸ್ಪೆಕ್ಟರ್ ಹೋದಾಗ ಆಕೆ ಹೊಲಿಗೆ ಯಂತ್ರದ ಮುಂದಿದ್ದರು. ಅಳಿಯ ಕೂಸನ್ನು ತೂಗುತ್ತಿದ್ದ. ಬೆಂಕಿ ಬಿದ್ದ ದಿನ ಮಗಳು ಅದನ್ನು ವಾರ್ಡಿನ ಕಿಟಕಿಯಿಂದ ಯಾರದೋ ಕೈಗೆ ದಾಟಿಸಿ ತಾನು ಒಳಗೇ ಉಳಿದಿದ್ದಳು.

"ಬೀಗ ನಿಮ್ದಾ?"

"ಹೂಂ."

"ಯಾಕೆ ಹಾಕಿದ್ರಿ?"

"ಹಿಂಬಾಗಿಲಿನ ಕೀಲಿ ಯಾರ ಹತ್ರ ಇತ್ತು ಅಂತ ಎಷ್ಟು ಸಲ ಹೋಗಿ ಕೇಳಿದ್ರೂ, ನೋಡೋಣ ನೋಡೋಣ ಅಂದ್ರು. ತೆರೀದಿರೋ ಬಾಗಿಲು ಹೇಗಿರತ್ತೆ ಅಂತ ಅವರೂ ಒಂದ್ಸಲ ತಳ್ಳಿ ನೋಡ್ಲಿ ಅನ್ನಿಸ್ತು."

"ಅವರಿಗೆ ಏನಾದ್ರೂ ಆಗಿದ್ರೆ?"

"ಜವಾನ ಬರೋವರೆಗೂ ಕೀಲಿ ಹಿಡ್ಕೊಂಡು ಮೆಟ್ಟಿಲ ಮೇಲೇ ನಿಂತಿದ್ದೆ. ಅಷ್ಟು ಕಲ್ಲುಹೃದಯ ನಂಗಿಲ್ಲಪ್ಪ."

ಬಂಧನದ ಕಾರಣ ತಿಳಿಸಿ ಹೊರಡಿಸಿದರು.

"ಅತ್ತೆ, ನಾನೂ ಬರ್ತೀನಿ," ಎಂದ ಅಳಿಯ.

"ಬೇಡ. ಹಾಲು ಆರಿಸಿ ಕುಡಿಸು, ಬಾಯಿ ಸುಟ್ಟೀಯ."

ಸುದ್ದಿ ಹಬ್ಬಿ, ಗೇಟಿನ ಬಳಿಯಿದ್ದವರೆಲ್ಲ ಎದ್ದು ಬಂದು ಠಾಣೆಯ ಮುಂದೆ ಕೂತರು. ಕೂಗಾಟವಿರಲಿಲ್ಲ. ಒಳಗೆ ಹೇಳಿಕೆ ಮುಗಿದು ಜಾಮೀನಿನ ಕಾಗದಕ್ಕೆ ಸಹಿ ಹಾಕಿದ ಮೇಲೂ ಆಕೆ ಏಳಲಿಲ್ಲ.

"ಅವರ ದೂರು ಬರ್ಕೊಂಡ್ರಿ. ನನ್ನದೂ ಬರ್ಕೋತೀರಾ?"

ಹೇಳಿಕೆ ಬರೆದುಕೊಂಡಿದ್ದ ಠಾಣೆಯ ರೈಟರ್ ತಲೆ ಎತ್ತಿದ. "ಆ ಸಾವುಗಳನ್ನ ಆಕಸ್ಮಿಕ ಅಂತ ಮುಗಿಸಿದ್ದಾಗಿದೆ ಸಾರ್. ಮೇಲಿನವರ ಮಾತು."

ಇನ್‌ಸ್ಪೆಕ್ಟರ್ ಹೊಸ ಹಾಳೆಯೊಂದನ್ನು ಅವನ ಮುಂದಿಟ್ಟರು. "ನಿರ್ಲಕ್ಷ್ಯದಿಂದ ಸಾವು ಅಂತ ಬರಿ. ಮೇಲಿನವರಿಗೆ ನಾನು ಹೇಳ್ತೀನಿ."

ಬರೆದದ್ದನ್ನು ಓದಿ ಹೇಳಿದಾಗ ಆಕೆ ಒಂದೇ ತಿದ್ದುಪಡಿ ಕೇಳಿದರು. "ಎಲ್ಲಾ ಕಡೆ ಮೃತೆ, ಮೃತೆ ಅಂತಿದೆ. ಒಂದು ಕಡೆಯಾದ್ರೂ ನನ್ನ ಮಗಳು ಅಂತ ಇರ್ಲಿ."

ತಿದ್ದಿದರು. ಆಕೆ ಹೊರಗೆ ಹೋಗಿ ವಿಷಯ ಹೇಳಿದ ಮೇಲೆ ಜನರೊಳಗಿಂದ ಒಬ್ಬಾತ ಎದ್ದು ಬಾಗಿಲಲ್ಲಿ ಬಂದು ನಿಂತ. ಅವನ ಹೆಂಡತಿಯೂ ಆ ವಾರ್ಡಿನಲ್ಲಿದ್ದವಳು.

"ಸಾರ್, ನಾವೂ ದೂರು ಕೊಡಬಹುದಾ?"

ಅವನ ಬೆನ್ನ ಹಿಂದೆ ಉಳಿದವರೂ ಒಬ್ಬೊಬ್ಬರಾಗಿ ಏಳುತ್ತಿದ್ದರು. ಇನ್‌ಸ್ಪೆಕ್ಟರ್ ಒಳಗಿನಿಂದ ಇನ್ನೆರಡು ಬೆಂಚು ತರಿಸಿದರು.