ಹೊಂದದ ಸಹಿ

“ಅರ್ಜಿ ಸಹಿ ಬುಕ್ಕಿನ ಸಹಿಗೆ ಹೊಂದಂಗಿಲ್ರಿ! ಯಾರದೋ ಬುಕ್ ತಂದು ನೌಕರಿ ಹೊಡ್ಕೊಳ್ಳಾಕ ಬಂದೀರೇನು?”

ಗುಮಾಸ್ತೆ ಕಲಾವತಿಯ ದನಿಗೆ ಬಜಾಜ್ ನಗರದ ಮಾಜಿ ಸೈನಿಕರ ಸಂಘದ ಕಚೇರಿಯೇ ತಿರುಗಿ ನೋಡಿತು.

ಎದುರಿಗೆ ಅರ್ಜಿ ಕೊಡಲು ಬಂದ ಮಾಜಿ ಸೈನಿಕ ಬೋಪಣ್ಣ ನಿಂತಿದ್ದ. ಬಲಗೈಯನ್ನು ಜೇಬಿನಿಂದ ತೆಗೆಯಲೇ ಇಲ್ಲ. ‘ಎಷ್ಟು ಸೊಕ್ಕು!’ ಅಂದುಕೊಂಡಳು ನಮ್ಮ ಜಾಣೆ. ಆತ ಸೈನ್ಯ ಬಿಟ್ಟಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕನ್ನು ಎಡಗೈಯಲ್ಲೇ ಎತ್ತಿಕೊಂಡು ಹೊರಟುಹೋದ.

ಮೇಜಿನ ಮೇಲೆ ಅರ್ಜಿ ಉಳಿಯಿತು. ಖಾಪರಖೇಡಾ ವಿದ್ಯುತ್ ಕೇಂದ್ರದಲ್ಲಿ ಟೆಲಿಫೋನ್ ಆಪರೇಟರ್ ಕೆಲಸ. ಕಳಿಸಲು ಇನ್ನು ಮೂರೇ ದಿನ.

ಸಂಘದ ಕಾರ್ಯದರ್ಶಿ, ನಿವೃತ್ತ ಸುಬೇದಾರ್ ಮಲ್ಲೇಶಪ್ಪ, ವಿಷಯ ಕೇಳಿ ಕುರ್ಚಿಗೆ ಕುಸಿದರು.

“ಹಿಮದಾಗ ಅವನ ಬಲಗೈ ಬೆರಳು ಐದೂ ಹೋಗ್ಯಾವವ್ವಾ... ಎಡಗೈಲೆ ಬರಿಯಾಕ ನಾನ ಕಾಪಿ ಪುಸ್ತಕ ಕೊಟ್ಟೀನಿ. ಹೊಸ ಸಹಿಗೆ ಸಂಘದ ಇಬ್ಬರು ಸಾಕ್ಷಿ ಹಾಕಿದ್ರ ಮುಗೀತು. ಇದಕ್ಕ ಅಲ್ಲೇನು ನಾವಿರೋದು?”

ಕಲಾವತಿಯ ಮೈಯೆಲ್ಲ ಉರಿಯಿತು. ಅಷ್ಟು ಜನರೆದುರು... ಛೇ! ನಾನೇನು ಮನುಷ್ಯಳೇ?

ಮನೆಗೆ ಬಂದವಳು ಊಟ ಬಿಟ್ಟು, ಎಡಗೈಯಲ್ಲಿ ಪೆನ್ನು ಹಿಡಿದಳು. ತನ್ನ ಹೆಸರಿನ ನಾಲ್ಕು ಅಕ್ಷರ! ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ. ಹಾಳೆ ತುಂಬುವಷ್ಟರಲ್ಲಿ ಕಣ್ಣೂ ತುಂಬಿತ್ತು.

ಮರುದಿನ ಬೆಳಿಗ್ಗೆ ಅರ್ಜಿ ಹಿಡಿದು, ಮಲ್ಲೇಶಪ್ಪನವರ ಸ್ಕೂಟರಿನ ಹಿಂದೆ ಕೂತು ಕಾಮ್ಟಿಯಲ್ಲಿದ್ದ ಆತನ ಮನೆಗೆ ಹೋದಳು. ಬೋಪಣ್ಣ ಬಾಗಿಲಲ್ಲೇ ನಿಂತ.

“ನೌಕರಿ ಬೇಡ ಸಾಬ್. ನನ್ನಿಂದ ಸಂಘದ ಹೆಸರು ಕೆಡೋದು ಬೇಡ.”

ಕಲಾವತಿ ತಲೆ ಎತ್ತದೆ ಹಾಳೆಯನ್ನು ಚಾಚಿದಳು.

“ತಪ್ಪಾತ್ರಿ... ನಾನು ಹಂಗ ಅನ್ನಬಾರದಿತ್ತು. ಇದು ನನ್ನ ಸಹಿ. ಎಡಗೈಲೆ ಹಾಕೀನಿ.”

ಆತ ಎಡಗೈಯಲ್ಲಿ ಹಾಳೆ ತೆಗೆದುಕೊಂಡು ನೋಡಿದ.

“ನನ್ನದಕ್ಕಿಂತ ಸೊಟ್ಟ ಇದೆಯಲ್ರೀ!”

ಆತನ ಬಲಗೈ ಮೊದಲ ಬಾರಿಗೆ ಜೇಬಿನಿಂದ ಹೊರಬಂದು ಅರ್ಜಿಯನ್ನು ಅದುಮಿ ಹಿಡಿಯಿತು. ಎಡಗೈ ಸಾಕ್ಷಿಗಳೆದುರು ಮತ್ತೆ ಸಹಿ ಹಾಕಿತು. ಕೆಳಗೆ ಸಾಕ್ಷಿ ಮಲ್ಲೇಶಪ್ಪ, ಸಾಕ್ಷಿ ಕಲಾವತಿ.

ಕೆಲಸ ಸಿಕ್ಕಿತು. ಸಂಘಕ್ಕೆ ಬಂದಾಗಲೆಲ್ಲ ಆತ ಅವಳ ಮೇಜಿನ ಬಳಿ ನಿಲ್ಲುತ್ತಿದ್ದ. ಅವಳು ಮಾತ್ರ ನಾಚಿಕೆಯಿಂದ ಮುಖ ಎತ್ತುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸಂಘದ ಫೋನು ಬಡಿದುಕೊಂಡಿತು.

“ಖಾಪರಖೇಡಾದಿಂದ ಬೋಪಣ್ಣ. ಇನ್ನೊಂದು ಅರ್ಜಿ ತುಂಬಬೇಕಿತ್ತು... ಮದುವೆ ನೋಂದಣಿದು.”

ಅವಳು ರಿಸೀವರನ್ನು ಕಿವಿಗೆ ಒತ್ತಿಕೊಂಡಳು. “ಸಾಕ್ಷಿ... ಬೇಕೇನ್ರಿ?”

“ಸಾಕ್ಷಿ ಮಲ್ಲೇಶಪ್ಪ ಸಾಬ್ ಹಾಕ್ತಾರೆ. ನಿಮ್ಮ ಸಹಿ ನನ್ನ ಪಕ್ಕದಲ್ಲಿ ಬೇಕು.”

“ಅಷ್ಟೆಲ್ಲಾ ಅಂದಾಕಿ ನಾನು... ಮರ್ತೀರೇನು?”

“ಮರೆತಿಲ್ಲ. ಆ ಹಾಳೆಯನ್ನೂ ಮರೆತಿಲ್ಲ, ಕಲಾವತಿ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಎಡಗೈಲೇ ಹಾಕ್ಲೇನ್ರಿ?”