ಹಾಡುಗಳ ನಡುವಿನ ಅಪ್ಪ

"ನಮ್ಮಪ್ಪನ ಮಾತೆಲ್ಲ ಎಲ್ಲಿ ಬಚ್ಚಿಟ್ಟಿದ್ದೀರಿ?"

ಅಂಗಡಿಗೆ ಕಾಲಿಡುತ್ತಲೇ ಅವಳು ಸಿಡಿದಳು. ರೆಕಾರ್ಡಿಂಗ್‌ನವನು ಬೆಚ್ಚಿ ಹೆಡ್‌ಫೋನ್ ತೆಗೆದ.

ಹೋದ ವರ್ಷ ತೀರಿಕೊಂಡ ಅಪ್ಪ, ಹಳೆಯ ರೆಕಾರ್ಡರ್‌ನಲ್ಲಿ ತಮ್ಮ ಹಾಡು ತುಂಬಿಸಿಟ್ಟಿದ್ದರು. ರೆಕಾರ್ಡರ್ ಕೆಟ್ಟುಹೋಗಿತ್ತು; ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ದ ಆ ಫೈಲುಗಳು ಫೋನಿನಲ್ಲಿ ಕೇಳಿಸುತ್ತಿರಲಿಲ್ಲ. ಎಂಪಿ3 ಮಾಡಿಕೊಡಿ ಎಂದು ಇವನ ಕೈಗೆ ಕೊಟ್ಟವಳು, ಕೆಲಸ ಮುಗಿಯುವವರೆಗೂ ದಿನವೂ ಬಂದು ಪಕ್ಕದಲ್ಲೇ ಕೂತು ಕಾವಲು ಕಾದಿದ್ದಳು. ಅವನು ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಅವಳ ಕಿವಿಗೆ ಏನೂ ಬಿದ್ದಿರಲಿಲ್ಲ. ಅಪ್ಪನ ದನಿ ಬೇರೆಯವರ ಕೈಗೆ ಸಿಗಬಾರದೆಂದು ಅವನ ಕಂಪ್ಯೂಟರಿನಲ್ಲಿದ್ದದ್ದನ್ನು ಕಣ್ಣೆದುರೇ ಅಳಿಸಿಸಿದ್ದಳು. ಇನ್ನೇಕೆ ಎಂದು ತನ್ನ ಪೆನ್‌ಡ್ರೈವ್‌ನಲ್ಲಿದ್ದ ಹಳೆಯ ಫೈಲುಗಳನ್ನೂ ತಾನೇ ಅಳಿಸಿದ್ದಳು.

ಮನೆಗೆ ಹೋಗಿ ಕೇಳಿದರೆ... ಹಾಡುಗಳಷ್ಟೇ ಇದ್ದವು! ನಡುನಡುವೆ ಅಪ್ಪನ ಕೆಮ್ಮು, ಗೊಣಗಾಟ, ತನ್ನನ್ನು ಕರೆದದ್ದು, ಒಂದೂ ಇರಲಿಲ್ಲ.

"ಹಾಡೋರೆಲ್ಲ ಮಾತು, ಕೆಮ್ಮು ತೆಗೆದುಬಿಡಿ ಅಂತಾರೆ ಮೇಡಂ. ಅದೇ ಅಭ್ಯಾಸದಲ್ಲಿ ನಾನೂ..."

"ನಮ್ಮಪ್ಪನ ಮಾತು ನಿಮಗೆ ಕಸಾನಾ?"

ಅವನು ಮೆಲ್ಲಗೆ ಪರದೆಯನ್ನು ತನ್ನತ್ತ ತಿರುಗಿಸಿಕೊಂಡ. ಇವನು ಏನೋ ಮುಚ್ಚಿಡುತ್ತಿದ್ದಾನೆ!

"ಏನದು?"

"ಏನಿಲ್ಲ."

"ಏನೂ ಇಲ್ಲದವರ ಮುಖ ಹೀಗೆ ಬಿಳಿಚಿಕೊಳ್ಳಲ್ಲ!" ಅವಳೇ ಪರದೆ ಎಳೆದಳು.

'ಪುಟ್ಟಿ' ಎಂಬ ಹೆಸರಿನ ಫೋಲ್ಡರ್. ಅದರ ತುಂಬ ಅಪ್ಪನ ಹಳೆಯ ಫೈಲುಗಳು!

"ನನ್ನೆದುರೇ ಅಳಿಸಿದ್ರಲ್ಲ! ಅದೂ ನಾಟಕಾನಾ?"

"ಇನ್ನೊಂದು ಕಡೆ ಒಂದು ಕಾಪಿ ಇಟ್ಕೊಂಡಿದ್ದೆ. ಮಾತು ತಪ್ಪಿದ್ದು ನಿಜ. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ. ಮೊದಲು ಇದನ್ನ ಕೇಳಿ." ಅವನು ಒಂದು ಫೈಲನ್ನು ಒತ್ತಿದ.

"ಪುಟ್ಟೀ, ಬಾಗಿಲು ಹಾಕಮ್ಮ! ನನ್ನ ರಾಗ ಬೀದಿಗೆ ಬಿದ್ರೆ ಓನರ್ರು ಮನೆ ಖಾಲಿ ಮಾಡಿಸ್ತಾರೆ!"

"ತಡಿಯಪ್ಪಾ, ಕಿಟಕೀನೂ ಹಾಕ್ತೀನಿ!" ಹಿಂದೆಯೇ ಹೊಟ್ಟೆ ಹಿಡಿದುಕೊಂಡು ನಗುವ ಹುಡುಗಿಯ ದನಿ. ಅವಳದೇ.

ಅವಳು ಕುರ್ಚಿಗೆ ಕುಸಿದಳು. ಕೋಪವೆಲ್ಲ ಕಣ್ಣೀರಾಗಿ ಇಳಿಯಿತು. ಇವನು ನಿಯತ್ತಾಗಿ ಅಳಿಸಿದ್ದರೆ ಅಪ್ಪ ಪೂರ್ತಿ ಹೋಗಿಬಿಡುತ್ತಿದ್ದರು... ಅಳಿಸಿಸಿದ್ದು ತಾನೇ!

ಆದರೂ ಅನುಮಾನ ಬಿಡಲಿಲ್ಲ. "ಯಾಕೆ ಇಟ್ಕೊಂಡ್ರಿ? ನಿಜ ಹೇಳಿ."

ಅವನು ತಲೆ ತಗ್ಗಿಸಿದ. "ಇಲ್ಲಿ ಕೂತಷ್ಟು ಹೊತ್ತೂ ನನ್ನನ್ನ ಕಳ್ಳನ ಥರ ನೋಡ್ತಿದ್ರಿ. ಹೀಗೆ ನಗೋರೂ ನೀವೇ ಅಂತ ನಂಬೋಕೇ ಆಗಲಿಲ್ಲ. ಮತ್ತೆ ಮತ್ತೆ ಕೇಳ್ದೆ. ಆಮೇಲೆ... ಅಳಿಸೋಕೆ ಕೈ ಬರಲಿಲ್ಲ. ನಿಮ್ಮನ್ನ ಇಷ್ಟಪಟ್ಟುಬಿಟ್ಟೆ."

ಅವಳು ಕಣ್ಣೊರೆಸಿಕೊಂಡು ಪೆನ್‌ಡ್ರೈವನ್ನು ಅವನತ್ತ ಚಾಚಿದಳು.

ಅವನು ಫೈಲುಗಳನ್ನೆಲ್ಲ ಇದ್ದ ಹಾಗೆಯೇ ಅವಳ ಪೆನ್‌ಡ್ರೈವಿಗೆ ಹಾಕಿದ. ಅವಳು ಒಂದೊಂದನ್ನೂ ತೆರೆದು ಪರೀಕ್ಷಿಸಿದಳು.

"ಈ ಸಲ ನಿಜವಾಗ್ಲೂ ಅಳಿಸ್ತೀನಿ, ನೋಡಿ." ಅವನ ಬೆರಳು ಡಿಲೀಟ್ ಗುಂಡಿಯತ್ತ ಸರಿಯಿತು.

ಅವಳು ಆ ಕೈಯನ್ನು ಹಿಡಿದುಕೊಂಡಳು. "ಬೇಡ... ನಿಮ್ಮ ಹತ್ರಾನೂ ಇರಲಿ."

"ನನ್ನ ಮೇಲೆ ನಂಬಿಕೆ ಬಂತಾ?"

"ಪೂರ್ತಿ ಇಲ್ಲ. ನಾಳೆ ಬಂದು ನೋಡ್ತೀನಿ."

"ನಾಡಿದ್ದು?"

"ನಾಡಿದ್ದೂ ಅನುಮಾನ ಇರುತ್ತೆ," ಎಂದಳು ಅವಳು, ಹಿಡಿದ ಕೈ ಬಿಡದೆ.