ಸತ್ತವನ ಜೋಡಿ

ಹೆಕ್ಟರ್ ಬೀಟನ್ ಸತ್ತಿರುವುದನ್ನು ಮೊದಲು ಕಂಡವಳು ಅವನ ಎದುರು ಪಕ್ಷದವಳು.

ಬೆಳಗ್ಗೆ ಹಿಮ ಬೀಳುವುದು ನಿಂತಿತ್ತು. ರೋವೀನಾ ಕ್ರೌಸ್ ಬಾಗಿಲು ತಟ್ಟಿದಳು. ಉತ್ತರವಿಲ್ಲ. ಬೀಗ ಹಾಕಿರಲಿಲ್ಲ. ಒಳಗೆ ಟಿವಿ ತನ್ನಷ್ಟಕ್ಕೆ ಮಾತಾಡುತ್ತಿತ್ತು. ಸೋಫಾದ ಮೇಲೆ ಹೆಕ್ಟರ್ ಮಲಗಿದ್ದ. ತಲೆಯಡಿಗೆ ದಿಂಬು, ಪಾದದವರೆಗೂ ಹೊದಿಸಿದ ಕೌದಿ. ಕೆನ್ನೆ ಮುಟ್ಟಿದಳು. ಕಲ್ಲಿನಷ್ಟು ತಣ್ಣಗಿತ್ತು.

ಸಾರ್ಜೆಂಟ್ ಒಡೆಟ್ ತೆರಿಯೋ ಬಂದಾಗ ರೋವೀನಾ ಅಡುಗೆಮನೆಯಲ್ಲಿ ಕೋಟು ಕೂಡ ಬಿಚ್ಚದೆ ಕೂತಿದ್ದಳು.

"ನೀವು ವಿರೋಧ ಪಕ್ಷದ ಶಾಸಕಿ. ಅವರು ಸರ್ಕಾರದ ಕಡೆಯವರು. ಬೆಳಬೆಳಗ್ಗೆ ಇಲ್ಲೇನು ಕೆಲಸ ಮೇಡಂ?"

"ನಾವಿಬ್ರೂ ಜೋಡಿ ಕಣ್ರೀ."

ಒಡೆಟ್ ಹುಬ್ಬೇರಿಸಿದಳು.

"ಆ ಜೋಡಿ ಅಲ್ಲ. ಅವನಿಗೆ ಹೃದಯದ ಆಪರೇಷನ್ ಆಗಿತ್ತು, ಸದನಕ್ಕೆ ಬರೋ ಹಾಗಿರ್ಲಿಲ್ಲ. ಆ ಕಡೆಯವರೊಬ್ರು ಹಾಸಿಗೆ ಹಿಡಿದ್ರೆ ಈ ಕಡೆಯವರೊಬ್ರು ನಾನೂ ಮತ ಹಾಕಲ್ಲ ಅಂತ ಮಾತು ಕೊಡ್ತಾರೆ. ಲೆಕ್ಕ ಸರಿಹೋಗುತ್ತೆ. ಹೆಕ್ಟರ್‌ಗೆ ನಾನು ಮಾತು ಕೊಟ್ಟಿದ್ದೆ."

"ಬರೆದು ಕೊಟ್ಟಿದ್ರಾ?"

"ಬರೆಯೋದೇನು ಬಂತು? ಮಾತು ಅಂದ್ರೆ ಮಾತು."

ನಮ್ಮ ಪ್ರಾಂತ್ಯದಲ್ಲಿ ಅದು ಅಲ್ಪಮತದ ಸರ್ಕಾರದ ಎರಡನೇ ಚಳಿಗಾಲ. ಮುಖ್ಯಮಂತ್ರಿ ಸ್ಟರ್ಲಿಂಗ್ ಪರ್ಡಿ ಒಂದೊಂದು ಮತಕ್ಕೂ ಒಂದೊಂದು ಸೇತುವೆ, ಒಂದೊಂದು ದೋಣಿಕಟ್ಟೆ ಹಂಚುತ್ತ ಕುರ್ಚಿ ಉಳಿಸಿಕೊಂಡಿದ್ದ. ವಿರೋಧ ಪಕ್ಷ ಬೆಳಗ್ಗೆ ಅವನನ್ನು ಕಳ್ಳನೆಂದು ಬೈದು, ಸಂಜೆ ತನ್ನ ಊರಿನ ದೋಣಿಕಟ್ಟೆ ಎಲ್ಲಿಯವರೆಗೆ ಬಂತೆಂದು ಕೇಳುತ್ತಿತ್ತು. ಈ ಜನ ದಿನವೂ ತಲೆ ತಗ್ಗಿಸಿ ಪ್ರಾರ್ಥಿಸಿಯೇ ಸದನ ಆರಂಭಿಸುತ್ತಾರೆ. ವಿವೇಕ ಕೊಡು ಎಂದು ದೇವರನ್ನು ಬೇಡುತ್ತಾರೆ. ಕೊಟ್ಟರೆ ಎಲ್ಲಿಡುವುದೆಂದು ಯಾರೂ ಯೋಚಿಸಿದಂತಿಲ್ಲ.

ಹಿಂದಿನ ರಾತ್ರಿ ಬಜೆಟ್ಟಿಗೆ ಮತ ಬಿದ್ದಿತ್ತು. ಸಮ ಸಮ. ಸ್ಪೀಕರ್ ತಮ್ಮ ಮತ ಹಾಕಿ ಸರ್ಕಾರ ಉಳಿಸಿದರು. ರೋವೀನಾಳ ಕ್ಷೇತ್ರದ ಒಂದೇ ಒಂದು ಆಸ್ಪತ್ರೆಯ ತುರ್ತು ವಿಭಾಗ ಮುಚ್ಚುವ ತೀರ್ಮಾನವೂ ಅದೇ ಬಜೆಟ್ಟಿನಲ್ಲಿತ್ತು. ಅವಳೊಬ್ಬಳು ಮತ ಹಾಕಿದ್ದರೆ ಸರ್ಕಾರವೂ ಬೀಳುತ್ತಿತ್ತು, ಆ ತೀರ್ಮಾನವೂ ಬೀಳುತ್ತಿತ್ತು. ಅವಳು ಸದನದ ಹೊರಗೆ ಮೊಗಸಾಲೆಯಲ್ಲಿ ಕೈಕಟ್ಟಿ ನಿಂತಿದ್ದಳು.

ಒಡೆಟ್ ಮನೆಯೆಲ್ಲ ನೋಡಿದಳು. ಮಹಡಿಯ ಮೇಲಿನ ಹಾಸಿಗೆಯಲ್ಲಿ ಕೌದಿ ಇರಲಿಲ್ಲ. ಸೋಫಾದ ಪಕ್ಕ ನೀರಿನ ಲೋಟ, ಅದರಲ್ಲಿ ಬಾಗಿಸಿದ ಸ್ಟ್ರಾ. ಬಾಗಿಲ ಬಳಿ ಬೂಟು ಬಿಡುವ ರಬ್ಬರ್ ತಟ್ಟೆ. ಹಿಮ ಕರಗಲೆಂದು ರಸ್ತೆಗೆ ಎರಚುವ ಉಪ್ಪು ಬೂಟಿಗಂಟಿ ಬಂದು, ಕರಗಿ, ಒಣಗಿ, ತಟ್ಟೆಯ ಮೇಲೆ ಎರಡು ದೊಡ್ಡ ಬೂಟುಗಳ ಬಿಳಿ ಅಚ್ಚು. ಹೆಕ್ಟರನ ಬೂಟು ಬೀರುವಿನಲ್ಲಿ ಧೂಳು ಹಿಡಿದು ಕೂತಿತ್ತು. ರೋವೀನಾಳದು ಮಕ್ಕಳ ಪಾದ.

ಹೊರಬಾಗಿಲು, ಒಳಬಾಗಿಲುಗಳ ನಡುವಿನ ತಣ್ಣನೆ ಕೋಣೆಯಲ್ಲಿ ಒಂದು ಪಾತ್ರೆ. ಮುಚ್ಚಳಕ್ಕೆ ಅಂಟಿಸಿದ ಪಟ್ಟಿಯ ಮೇಲೆ 'ಕ್ರೌಸ್' ಎಂದು ಬರೆದಿತ್ತು. ಚರ್ಚಿನ ಊಟಕ್ಕೆ ಅಡುಗೆ ಒಯ್ಯುವವರೆಲ್ಲ ಪಾತ್ರೆ ಕಳೆಯದಿರಲೆಂದು ಹೀಗೆ ಹೆಸರು ಅಂಟಿಸುತ್ತಾರೆ. ಒಡೆಟ್ ಮುಚ್ಚಳ ತೆಗೆದಳು. ಮೀನು, ಆಲೂಗಡ್ಡೆ, ಹಾಲು ಹಾಕಿದ ಚೌಡರ್. ಅಂಚಿನವರೆಗೆ ತುಂಬಿ ಗಡ್ಡೆಕಟ್ಟಿತ್ತು.

"ನಿಮ್ಮದೇನಾ?"

"ನಿನ್ನೆ ಬೆಳಗ್ಗೆ ಇಟ್ಟುಹೋಗಿದ್ದೆ," ಎಂದಳು ರೋವೀನಾ. ಮತ್ತೆ ಪಾತ್ರೆ ನೋಡಿದಳು. ಮುಖ ಬಿಳಿಚಿತು. "ಇದೇನಿದು, ಮುಟ್ಟೇ ಇಲ್ವಲ್ಲ."

* * *

ಮಧ್ಯಾಹ್ನದೊಳಗೆ ಪಾತ್ರೆಯ ಸುದ್ದಿ ಊರೆಲ್ಲ ಹಬ್ಬಿತು. ಪೊಲೀಸರಲ್ಲೂ ಬಾಯಿ ಬಿಗಿ ಇಲ್ಲದವರಿರುತ್ತಾರೆ.

ಮುಖ್ಯಮಂತ್ರಿ ಕ್ಯಾಮೆರಾಗಳ ಮುಂದೆ ಕಣ್ಣೊರೆಸಿಕೊಂಡ. ಒರೆಸಲು ಅಲ್ಲಿ ಏನೂ ಇರಲಿಲ್ಲ.

"ಹೆಕ್ಟರ್ ನನ್ನ ಅಣ್ಣನಿದ್ದ ಹಾಗೆ. ವಿರೋಧ ಪಕ್ಷದ ಅಡುಗೆ ಅವನ ಮನೇಲಿ ಯಾಕಿತ್ತು ಅಂತ ನಾನು ಕೇಳ್ತಿಲ್ಲ. ಜನ ಕೇಳ್ತಿದಾರೆ."

ವಿರೋಧ ಪಕ್ಷದ ನಾಯಕನನ್ನೂ ಪತ್ರಕರ್ತರು ಮುತ್ತಿದರು. ಅವನು ಟೈ ಸರಿಮಾಡಿಕೊಂಡ.

"ಅದು ರೋವೀನಾ ಅವರ ಸ್ವಂತ ಸೂಪು. ಪಕ್ಷಕ್ಕೂ ಅದಕ್ಕೂ ಸಂಬಂಧ ಇಲ್ಲ."

ರೋವೀನಾಳ ಕಚೇರಿಗೆ ಬೆದರಿಕೆ ಕರೆಗಳು ಬಂದವು. ಹಗಲು ಮುಗಿಯುವುದರೊಳಗೆ ಅವಳ ಹೆಸರಿಗೆ 'ವಿಷಕನ್ಯೆ' ಅಂಟಿತು.

ಸಂಜೆ ಶವಪರೀಕ್ಷೆಯ ವೈದ್ಯರು ಒಡೆಟ್‌ಗೆ ಫೋನ್ ಮಾಡಿದರು.

"ವಿಷಗಿಷ ಏನೂ ಇಲ್ಲಮ್ಮ. ಹೊಟ್ಟೇಲಿ ಒಂದು ಅಗುಳೂ ಇಲ್ಲ. ಮಿದುಳಲ್ಲಿ ರಕ್ತ ಹೆಪ್ಪುಗಟ್ಟಿದೆ. ನಿನ್ನೆ ಮಧ್ಯಾಹ್ನ ಪಾರ್ಶ್ವವಾಯು ಹೊಡೆದಿರಬೇಕು."

"ತಕ್ಷಣ ಹೋದ್ರಾ?"

"ಇಲ್ಲ, ಅದೇ ಬೇಜಾರು. ಒಂದು ಕಡೆ ಮೈಯೆಲ್ಲ ಬಿದ್ದುಹೋಗಿ, ಕೆಲವು ಗಂಟೆ ಜೀವ ಹಿಡ್ಕೊಂಡಿದ್ದ. ಆಗಲೇ ಕರ್ಕೊಂಡು ಬಂದಿದ್ರೆ ಬಹುಶಃ ಉಳೀತಿದ್ದ. ಕತ್ತಲಾಗೋ ಮುಂಚೆ ಹೋಗಿದಾನೆ."

ಮತದಾನ ನಡೆದದ್ದು ಕತ್ತಲಾದ ಎಷ್ಟೋ ಹೊತ್ತಿನ ಮೇಲೆ.

ಒಡೆಟ್ ಫೋನ್ ಕೆಳಗಿಟ್ಟಳು. ಒಂದು ಕಡೆ ಮೈ ಬಿದ್ದವನು ಮಹಡಿ ಹತ್ತಿ ಕೌದಿ ತರಲಾರ. ತನ್ನ ತಲೆಗೆ ತಾನೇ ದಿಂಬು ಇಟ್ಟು, ಲೋಟಕ್ಕೆ ಸ್ಟ್ರಾ ಹಾಕಿಕೊಳ್ಳಲಾರ. ಯಾರೋ ಬಂದಿದ್ದರು. ಆರೈಕೆ ಮಾಡಿದ್ದರು. ಆಮೇಲೆ ಎದ್ದು ಹೋಗಿದ್ದರು.

* * *

"ನಿನ್ನೆ ಮತದ ಹೊತ್ತಿಗೆ ಹೆಕ್ಟರ್ ಚೆನ್ನಾಗಿದಾರೆ ಅಂತ ನಿಮಗೆ ಹೇಳಿದ್ಯಾರು?" ಒಡೆಟ್ ಕೇಳಿದಳು.

ರೋವೀನಾ ತನ್ನ ಕಚೇರಿಯ ದೀಪ ಕೂಡ ಹಾಕಿರಲಿಲ್ಲ.

"ಡಂಕನ್ ಮೋಶರ್. ಸರ್ಕಾರದ ಸಚೇತಕ. ತಮ್ಮವರನ್ನ ಎಣಿಸಿ ಎಣಿಸಿ ಮತಕ್ಕೆ ತಂದು ನಿಲ್ಸೋನು. ನಿನ್ನೆ ಮತದ ಗಂಟೆ ಹೊಡೀತಿತ್ತು. ನಮ್ಮೂರ ಆಸ್ಪತ್ರೆ ಕಣ್ಣ ಮುಂದೆ. ಒಳಗೆ ಹೋಗಿಬಿಡ್ಲಾ ಅಂತ ಬಾಗಿಲ ಹತ್ರಕ್ಕೆ ಹೋದೆ. ಅವನು ನೋಡ್ದ. ನೆಟ್ಟಗೆ ನನ್ನ ಹತ್ರ ಬಂದ."

"ಏನಂದ?"

"'ಹೆಕ್ಟರ್ ನಿನ್ನ ಚೌಡರ್ ತಳ ಕಾಣೋತನಕ ಕೆರೆದು ತಿಂದನಂತೆ ಕಣಮ್ಮ. ಮಾತು ಮರೀಬೇಡ ಅಂತ ಹೇಳಿ ಕಳ್ಸಿದಾನೆ' ಅಂದ. ನನಗೇ ನಾಚಿಕೆ ಆಯ್ತು. ಹಿಂದಕ್ಕೆ ಬಂದು ನಿಂತೆ."

"ಚೌಡರ್ ಇಟ್ಟುಬಂದಿದ್ದು ಯಾರ್ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ. ನಮ್ಮ ಪಕ್ಷದವರಿಗೆ ಗೊತ್ತಾಗಿದ್ರೆ ನನ್ನನ್ನೇ ಬೇಯಿಸಿ ತಿಂತಿದ್ರು."

"ಹೆಕ್ಟರ್‌ಗೆ?"

"ಅವನಿಗೂ ಹೇಳಿರ್ಲಿಲ್ಲ. ಮಲಗಿರ್ತಾನೆ, ಎದ್ದಾಗ ನೋಡ್ಕೊಳ್ಳಲಿ ಅಂತ ಬಾಗಿಲು ಕೂಡ ತಟ್ಟದೆ..."

ಒಡೆಟ್ ಆಗಲೇ ಎದ್ದಿದ್ದಳು.

* * *

ಮೋಶರ್ ಮುಖ್ಯಮಂತ್ರಿಯ ಕೋಣೆಯಲ್ಲಿ ಸಂತಾಪದ ಭಾಷಣ ತಿದ್ದುತ್ತಿದ್ದ. ಆರಡಿ ಆಳು. ಸದನದಲ್ಲಿ ಸ್ಪೀಕರ್ ಪೀಠಕ್ಕೆ ಅವನಷ್ಟು ಚೆನ್ನಾಗಿ ಬಾಗುವವರಿಲ್ಲ ಎಂದು ಹೆಸರು. ಪರ್ಡಿ ಕಿಟಕಿಯ ಬಳಿ ನಿಂತು ಓಟ್ ಬಿಸ್ಕತ್ತು ಕಡಿಯುತ್ತಿದ್ದ.

"ಹೆಕ್ಟರ್ ಮನೆಗೆ ಕೊನೇ ಸಲ ಹೋಗಿದ್ದು ಯಾವಾಗ ಸರ್?" ಒಡೆಟ್ ಕೇಳಿದಳು.

"ಒಂದು ವಾರದ ಮೇಲಾಯ್ತು," ಎಂದ ಮೋಶರ್. "ಬಜೆಟ್ ಗಲಾಟೇಲಿ ಉಸಿರಾಡೋಕೂ ಪುರುಸೊತ್ತಿಲ್ಲ."

"ಹಾಗಾದ್ರೆ ನಿನ್ನೆ ರಾತ್ರಿಯೇ ಚೌಡರ್ ವಿಷಯ ಹೇಗೆ ಗೊತ್ತಾಯ್ತು?"

"ಅವನೇ ಫೋನಲ್ಲಿ ಹೇಳ್ದ. ತುಂಬಾ ಚೆನ್ನಾಗಿತ್ತು ಅಂದ."

"ಚೆನ್ನಾಗೇ ಇದ್ದಿರಬೇಕು. ಆದ್ರೆ ಪಾತ್ರೆ ಇಟ್ಟ ಜಾಗದಲ್ಲೇ ತುಂಬಿದ ಹಾಗೇ ಇದೆ. ಅದು ಬಂದಿದೆ ಅನ್ನೋದೇ ಹೆಕ್ಟರ್‌ಗೆ ಗೊತ್ತಿರ್ಲಿಲ್ಲ. ಅದನ್ನ ನೋಡ್ಬೇಕಂದ್ರೆ ಆ ಬಾಗಿಲಲ್ಲಿ ಒಳಗೆ ಹೋಗಿರ್ಬೇಕು. ಮುಚ್ಚಳದ ಮೇಲಿನ ಹೆಸರು ಓದಿ, ಎತ್ತಿ ನೋಡಿರ್ಬೇಕು."

ಮೋಶರ್ ಪೆನ್ನು ಕೆಳಗಿಟ್ಟ.

"ಬೂಟು ಬಿಚ್ಚಿಟ್ಟು ಒಳಗೆ ಹೋಗಿದೀರಿ," ಒಡೆಟ್ ಮುಂದುವರಿಸಿದಳು. "ತಟ್ಟೆ ಮೇಲೆ ಅಚ್ಚು ಬಿದ್ದಿದೆ. ನಿಮ್ಮ ಅಮ್ಮ ಚೆನ್ನಾಗಿ ಬೆಳೆಸಿದಾರೆ. ಮನುಷ್ಯ ಸಾಯ್ತಾ ಬಿದ್ದಿದ್ರೂ ನೆಲ ಕೊಳೆ ಮಾಡ್ಬಾರ್ದು ಅಂತ."

"ಅವನು ಫೋನ್ ಮಾಡಿದ್ದ," ಎಂದ ಮೋಶರ್ ಕೊನೆಗೆ. "ಮಾತು ತೊದಲ್ತಿತ್ತು. ಹೋದೆ. ಆದ್ರೆ ನಾನು ಹೋಗೋ ಹೊತ್ತಿಗೆ ಪ್ರಾಣ ಹೋಗಿತ್ತು ಕಣ್ರೀ. ಹೋದವನಿಗೆ ಏನು ಮಾಡೋಕಾಗುತ್ತೆ? ಸುದ್ದಿ ಒಂದು ರಾತ್ರಿ ತಡೆದೆ, ಅಷ್ಟೇ. ಅದು ತಪ್ಪಿರಬಹುದು, ಕೊಲೆ ಅಲ್ಲ."

"ಪ್ರಾಣ ಹೋಗಿತ್ತು?"

"ಹೋಗಿತ್ತು."

"ಮತ್ತೆ ನೀರಿಗೆ ಸ್ಟ್ರಾ ಯಾಕೆ ಹಾಕಿದ್ರಿ?"

ಮುಖ್ಯಮಂತ್ರಿ ಅಗಿಯುವುದನ್ನು ನಿಲ್ಲಿಸಿದ.

"ತಲೆಗೆ ದಿಂಬು ಕೊಟ್ಟಿದೀರಿ," ಎಂದಳು ಒಡೆಟ್. "ಮಹಡಿ ಹತ್ತಿ ಕೌದಿ ತಂದಿದೀರಿ. ಬಾಯಿ ಸೊಟ್ಟ ಆದವನು ಲೋಟದಿಂದ ಕುಡಿಯಲಾರ ಅಂತ ಸ್ಟ್ರಾ ಹುಡುಕಿದೀರಿ. ಇಷ್ಟೆಲ್ಲ ಮಾಡೋಹೊತ್ತಿಗೆ ಲೆಕ್ಕ ತಲೆಗೆ ಬಂದಿದೆ. ಹೆಕ್ಟರ್ ಕಾಯಿಲೆಯವನಾಗಿ ಮನೇಲಿದ್ರೆ ರೋವೀನಾ ಹೊರಗೆ ನಿಲ್ತಾಳೆ. ಆಂಬುಲೆನ್ಸಲ್ಲಿ ಹೋಗಿ ಆಸ್ಪತ್ರೇಲಿ ಸತ್ರೆ ಸಂಜೆಗೆಲ್ಲ ಊರಿಗೆ ಗೊತ್ತಾಗುತ್ತೆ. ಸತ್ತವನಿಗೆ ಜೋಡಿ ಇಲ್ಲ. ಅವಳು ಒಳಗೆ ಬರ್ತಾಳೆ, ಸರ್ಕಾರ ಬೀಳುತ್ತೆ. ಬೂಟು ಹಾಕ್ಕೊಂಡು ಹೊರಟುಬಂದ್ರಿ."

ಮೋಶರ್ ಎರಡು ಕೈಯಿಂದಲೂ ಮುಖ ಮುಚ್ಚಿಕೊಂಡ.

"ಮತ ಮುಗಿದ ತಕ್ಷಣ ವಾಪಸ್ ಹೋಗೋಣ ಅಂತಿದ್ದೆ," ಎಂದ. "ಹೋಗೋಕೆ ಧೈರ್ಯ ಬರ್ಲಿಲ್ಲ."

ಮೂವತ್ತು ವರ್ಷ ಪಕ್ಷ ಹೇಳಿದಾಗ ಎದ್ದು, ಹೇಳಿದಾಗ ಕೂತ ಮನುಷ್ಯ ಹೆಕ್ಟರ್. ಕೈ ಬಿದ್ದು ಹೋಗುವಾಗಲೂ ಅವನ ಬೆರಳು ಹುಡುಕಿದ್ದು ಸಚೇತಕನ ನಂಬರನ್ನೇ. ನಾಯಿಯ ನಿಷ್ಠೆ ಅನ್ನಬಹುದು. ಆದರೆ ಸಾಯುವ ನಾಯಿಯನ್ನು ಅದರ ಒಡೆಯ ಡಾಕ್ಟರ ಬಳಿಗಾದರೂ ಒಯ್ಯುತ್ತಾನೆ.

"ನನಗೇನೂ ಗೊತ್ತಿರ್ಲಿಲ್ಲ," ಎಂದ ಪರ್ಡಿ. ಒಡೆಟ್ ಅವನನ್ನು ಕೇಳಿಯೇ ಇರಲಿಲ್ಲ.

* * *

ನಿಜ ಬಯಲಾದರೂ ಬಜೆಟ್ ಬೀಳಲಿಲ್ಲ. ಸ್ಪೀಕರ್ ಗಂಟಲು ಸರಿಮಾಡಿಕೊಂಡು ತೀರ್ಪು ಓದಿದರು. ಜೋಡಿ ಎಂಬುದು ಇಬ್ಬರು ಸದಸ್ಯರ ನಡುವಿನ ಮಾತು. ಸದನದ ನಿಯಮಗಳಿಗೆ ಅದು ತಿಳಿಯದು. ಬಿದ್ದ ಮತ ಬಿದ್ದಂತೆಯೇ. ಮನುಷ್ಯರ ಮಾತು ತನಗೆ ತಿಳಿಯದೆಂದು ಒಂದು ಸದನ ತಾನೇ ಬಾಯಿಬಿಟ್ಟು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು.

ಉಳಿದದ್ದು ಒಂದೇ ದಾರಿ. ಬಜೆಟ್ಟಿನ ಹಣ ಬಿಡುಗಡೆಗೆ ಇನ್ನೊಂದು ಮಸೂದೆ ಬರಬೇಕಿತ್ತು. ಅದು ಬಿದ್ದರೆ ಸರ್ಕಾರ ಹೋಗುತ್ತದೆ, ಆಸ್ಪತ್ರೆ ಉಳಿಯುತ್ತದೆ. ಹೆಕ್ಟರ್ ಮಣ್ಣಲ್ಲಿ, ಮೋಶರ್ ಕಂಬಿ ಹಿಂದೆ. ಆ ಮಸೂದೆಯ ಮತದ ದಿನ ಬೆಳಗ್ಗೆ ಪರ್ಡಿ ತಾನೇ ರೋವೀನಾಳ ಬಾಗಿಲಿಗೆ ಬಂದ.

"ರೋವೀನಾ ಮೇಡಂ, ನೀವು ಮಾತಿಗೆ ತಪ್ಪದವರು. ನಾಡಿಗೇ ಗೊತ್ತು."

"ವಿಷಯ ಹೇಳಿ ಸರ್."

"ಮೋಶರ್‌ಗೆ ಎದೆನೋವಂತೆ. ಜೈಲಿನ ಆಸ್ಪತ್ರೇಲಿದಾನೆ. ಇವತ್ತು ಮತಕ್ಕೆ ಬರೋಕಾಗಲ್ಲ. ನಿಮ್ಮ ಕಡೆಯವರೊಬ್ರೂ ಜ್ವರ ಬಂದು ಮಲಗಿದಾರಂತೆ. ನೀವೊಬ್ರು ಜೋಡಿ ನಿಂತ್ರೆ ಮತ್ತೆ ಸಮ ಸಮ ಆಗುತ್ತೆ. ಹೆಕ್ಟರ್ ಆತ್ಮಕ್ಕೂ..."

"ಹೆಕ್ಟರ್ ಹೆಸರು ತೆಗೀಬೇಡಿ." ಅವಳ ದನಿ ಏರಲಿಲ್ಲ. "ಜೋಡಿ ನಿಲ್ಲಬೇಕಾದ್ರೆ ಆ ಕಡೆಯವನು ಉಸಿರಾಡ್ತಿದಾನಾ ಅಂತ ನಾನೇ ಹೋಗಿ ಮೂಗಿನ ಹತ್ರ ಕೈ ಹಿಡೀಬೇಕು. ನನಗಷ್ಟು ಪುರುಸೊತ್ತಿಲ್ಲ."

ಮತದ ಗಂಟೆ ಮೊಳಗಿತು. ಒಡೆಟ್ ಮೇಲೆ ಪ್ರೇಕ್ಷಕರ ಸಾಲಿನಲ್ಲಿ ಕೂತು ನೋಡಿದಳು. ಎರಡೂ ಕಡೆಯವರು ತಮ್ಮ ರೋಗಿಗಳನ್ನು ಎತ್ತಿಕೊಂಡು ಬಂದಿದ್ದರು. ಜ್ವರದಲ್ಲಿ ಬೆವರುತ್ತ ಒಬ್ಬ, ಮುರಿದ ಕಾಲಿಗೆ ಪಟ್ಟಿ ಕಟ್ಟಿಕೊಂಡು ಒಬ್ಬಳು, ಆಮ್ಲಜನಕದ ಸಿಲಿಂಡರ್ ಎಳೆದುಕೊಂಡು ಒಬ್ಬ ಮುದುಕ. ಇವರಲ್ಲಿ ಯಾರೂ ಯಾರ ಬಳಿಯೂ ಜೋಡಿ ಕೇಳಿರಲಿಲ್ಲ. ಕೇಳಿದರೆ ನಂಬುವವರೂ ಇರಲಿಲ್ಲ.

ರೋವೀನಾ ಪೀಠಕ್ಕೆ ತಲೆ ಬಾಗಿ ತನ್ನ ಜಾಗಕ್ಕೆ ಹೋದಳು. ಸರದಿ ಬಂದಾಗ ಎದ್ದಳು.

"ವಿರುದ್ಧ."

ಸರ್ಕಾರ ಬಿತ್ತು. ವಿರೋಧ ಪಕ್ಷದವರು ಎರಡೂ ಕೈಯಲ್ಲಿ ಮೇಜು ಬಡಿದರು. ಅವಳನ್ನು ಕೈಬಿಟ್ಟಿದ್ದ ನಾಯಕ ಹಿಂದಕ್ಕೆ ತಿರುಗಿ, ಎಲ್ಲರಿಗೂ ಕಾಣುವಂತೆ ಅವಳತ್ತ ಕೈಚಾಚಿದ. ಕ್ಯಾಮೆರಾಗಳು ಅತ್ತ ತಿರುಗಿದವು.

ಅವಳ ಮೇಜು ಮಾತ್ರ ಸುಮ್ಮನಿತ್ತು. ಅವಳು ಆ ಕೈಯನ್ನು ನೋಡಿದಳು, ತನ್ನ ಎರಡು ಕೈಗಳನ್ನೂ ಮಡಿಲಲ್ಲೇ ಇಟ್ಟುಕೊಂಡಳು.